ಪರಿಶಿಷ್ಟರ ಕೈಕಸುಬು ಮತ್ತು ಆನ್‌ಲೈನ್ ಪೇಟೆ: ವರ್ತಕರು ಮಾಡಬೇಕಾದುದೇನು?

ಸಿಂಧನೂರು, ಲಿಂಗಸುಗೂರು, ಮಸ್ಕಿ ಪಟ್ಟಣಗಳ ಯಾವುದೇ ಕೊರಿಯರ್ ಕಚೇರಿಯ ಮುಂದೆ ಬೆಳಗಿನ ಹೊತ್ತು ಒಂದು ಗಂಟೆ ನಿಂತು ನೋಡಿದರೆ ಈ ಭಾಗದ ವ್ಯಾಪಾರದ ಸ್ಥಿತಿ ಅರ್ಥವಾಗುತ್ತದೆ. ಹೊರಗಿನಿಂದ ಬರುವ ವಾಹನಗಳು ಪೊಟ್ಟಣಗಳಿಂದ ತುಂಬಿರುತ್ತವೆ. ಅವೇ ವಾಹನಗಳು ಹೊರಡುವಾಗ ಗಿರಾಕಿಗಳು ಹಿಂದಿರುಗಿಸಿದ ಸರಕನ್ನು ಬಿಟ್ಟರೆ ಹೆಚ್ಚುಕಡಿಮೆ ಖಾಲಿ. ಆನ್‌ಲೈನ್ ವ್ಯಾಪಾರದಿಂದ ಸ್ಥಳೀಯ ಅಂಗಡಿಗೆ ಹೊಡೆತ ಬಿದ್ದಿದೆ ಎಂಬ ದೂರು ವರ್ತಕರ ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಖಾಲಿ ಹೋಗುವ ವಾಹನದಲ್ಲಿ ಈ ಮೂರು ತಾಲ್ಲೂಕುಗಳು ಏನನ್ನು ತುಂಬಿ ಕಳುಹಿಸಬಹುದು ಎಂಬ ಪ್ರಶ್ನೆಯನ್ನು ಅದೇ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಭತ್ತ, ಅಕ್ಕಿ, ಹತ್ತಿ, ಕಡಲೆ ಲಾರಿಯಲ್ಲಿ ಹೋಗುತ್ತವೆ. ಪೊಟ್ಟಣದಲ್ಲಿ ಹೋಗಬಲ್ಲ, ಕೈಯಿಂದ ಮಾಡಿದ, ಮಣ್ಣಿಗೆ ಸೇರಿದರೆ ಮಣ್ಣಾಗುವ ಸರಕು ಇಲ್ಲಿ ಬಹಳ ಹಿಂದಿನಿಂದಲೂ ಇದೆ. ಅದನ್ನು ಮಾಡುವವರು ಪೇಟೆಯವರಲ್ಲದ ಕಾರಣ ಪೇಟೆಯ ಲೆಕ್ಕದಲ್ಲಿ ಅದು ಕಾಣಿಸಿಕೊಂಡಿಲ್ಲ.

ತೊಗಲಿನ ಕೆರ, ಚೀಲ, ಪಟ್ಟಿಗಳನ್ನು ಮಾಡುವವರು ಮಾದಿಗ, ಸಮಗಾರ, ಢೋರ ಸಮುದಾಯದವರು. ಕಸೂತಿಯ ಬಟ್ಟೆ ತಾಂಡಾಗಳ ಲಂಬಾಣಿ ಮಹಿಳೆಯರದು. ಬಿದಿರಿನ ಬುಟ್ಟಿ, ಮೊರ ಮೇದಾರರವು. ಈಚಲ ಗರಿಯ ಚಾಪೆ, ಕಸಬರಿಗೆ ಕೊರಮ-ಕೊರವರವು. ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿಯುವ ಕೌದಿ ಹಲವು ಸಮುದಾಯಗಳ ಹೆಂಗಸರ ಕೈಯಲ್ಲಿದೆ. ಇವರಲ್ಲಿ ಬಹುಪಾಲು ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರಿದವರು. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಹತ್ತು ಜನರಲ್ಲಿ ಸುಮಾರು ನಾಲ್ವರು ಪರಿಶಿಷ್ಟ ಜಾತಿ ಇಲ್ಲವೇ ಪಂಗಡದವರು. ಆದರೆ ಮುಖ್ಯ ಬಜಾರಿನ ಅಂಗಡಿಗಳ ಫಲಕಗಳನ್ನು ಓದುತ್ತ ಹೋದರೆ ಈ ಅನುಪಾತ ಎಲ್ಲಿಯೂ ಕಾಣುವುದಿಲ್ಲ. ಇಡೀ ದೇಶದ ಚಿತ್ರವೂ ಬೇರೆಯಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 73ನೆಯ ಸುತ್ತಿನ (2015-16) ಅಂಕಿಅಂಶದಂತೆ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳಲ್ಲಿ ಪರಿಶಿಷ್ಟ ಜಾತಿಯವರ ಒಡೆತನದವು ಶೇ. 12.45, ಪರಿಶಿಷ್ಟ ಪಂಗಡದವರವು ಶೇ. 4.10. ಜನಸಂಖ್ಯೆಯಲ್ಲಿ ಇವರ ಪಾಲು ಕ್ರಮವಾಗಿ ಶೇ. 16.6 ಮತ್ತು 8.6. ಇರುವ ಉದ್ದಿಮೆಗಳಲ್ಲಿಯೂ ಹೆಚ್ಚಿನವು ಒಬ್ಬರೇ ನಡೆಸುವ, ಮನೆಯ ಜಗಲಿಯ ಮೇಲಿನ ಉದ್ದಿಮೆಗಳು.

ಇದಕ್ಕೆ ಬಂಡವಾಳದ ಕೊರತೆಯೊಂದೇ ಕಾರಣವೆಂದು ಹೇಳಿದರೆ ಅರ್ಧ ಸತ್ಯವಾಗುತ್ತದೆ. ಬಂಡವಾಳಕ್ಕಿಂತ ಮೊದಲು ಬೇಕಾದದ್ದು ಮಳಿಗೆ, ಉದ್ದರಿ, ಹೆಸರು. ಬಜಾರಿನಲ್ಲಿ ಮಳಿಗೆ ಬಾಡಿಗೆಗೆ ಕೇಳಲು ಹೋದಾಗ ಮೊದಲು ಕೇಳುವ ಪ್ರಶ್ನೆ ಯಾವುದು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ವಿದೇಶದಲ್ಲಿ ಅರ್ಥಶಾಸ್ತ್ರ ಓದಿ ಬಂದಿದ್ದ ಡಾ. ಬಿ. ಆರ್. ಅಂಬೇಡ್ಕರ್ ಅವರು ಬರೋಡಾ ಸಂಸ್ಥಾನದ ಸೇವೆ ಬಿಟ್ಟು ಮುಂಬಯಿಗೆ ಮರಳಿದ ಬಳಿಕ ಷೇರು ವ್ಯವಹಾರದ ಸಲಹಾ ಸಂಸ್ಥೆಯೊಂದನ್ನು ತೆರೆದಿದ್ದರು. ಸಲಹೆಗಾರರ ಜಾತಿ ತಿಳಿಯುತ್ತಿದ್ದಂತೆ ಗಿರಾಕಿಗಳು ಬರುವುದು ನಿಂತಿತು, ಸಂಸ್ಥೆ ಮುಚ್ಚಿತು. ಸಲಹೆಯಲ್ಲಿ ದೋಷವಿತ್ತೆಂದು ಯಾರೂ ಹೇಳಿರಲಿಲ್ಲ. ವ್ಯಾಪಾರ ಮಾಡುವವರಿಗೆ ಈ ಪ್ರಸಂಗದ ಅರ್ಥ ಬೇಗ ಆಗಬೇಕು. ಏಕೆಂದರೆ ಹೆಸರು ಹೋದರೆ ಉದ್ದರಿ ಹೋಗುತ್ತದೆ, ಉದ್ದರಿ ಹೋದರೆ ಅಂಗಡಿ ಹೋಗುತ್ತದೆ ಎಂಬುದು ಅವರ ನಿತ್ಯದ ಅನುಭವ.

ಆನ್‌ಲೈನ್ ಪೇಟೆಯ ವಿಶೇಷ ಇರುವುದು ಇಲ್ಲಿಯೇ. ಅಲ್ಲಿ ಮಳಿಗೆಯ ಮಾಲೀಕನಿಲ್ಲ, ಎದುರು ಅಂಗಡಿಯವನ ನೋಟವಿಲ್ಲ. ಬೆಂಗಳೂರಿನ ಗಿರಾಕಿ ನೋಡುವುದು ಸರಕನ್ನು ಮತ್ತು ಬೆಲೆಯನ್ನು. ಆ ಮಟ್ಟಿಗೆ ಅದು ಈ ಸಮುದಾಯಗಳಿಗೆ ತೆರೆದ ಬಾಗಿಲು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾಡಿದವರ ಹೆಸರನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ಚಂದ್ರಭಾನ್ ಪ್ರಸಾದ್ ಅವರು 2016ರಲ್ಲಿ ‘ದಲಿತ್ ಫುಡ್ಸ್’ ಎಂಬ ಹೆಸರಿನಲ್ಲಿಯೇ ಉಪ್ಪಿನಕಾಯಿ, ಖಾರದ ಪುಡಿಗಳನ್ನು ಆನ್‌ಲೈನ್ ಮಾರಾಟಕ್ಕಿಟ್ಟರು. ಮುಂಬಯಿಯ ಸುಧೀರ್ ರಾಜ್‌ಭರ್ ಅವರು ಧಾರಾವಿಯ ಚರ್ಮಕುಶಲಿಗಳ ಜೊತೆ ಸೇರಿ ‘ಚಮಾರ್ ಸ್ಟುಡಿಯೋ’ ಎಂಬ ಹೆಸರಿನಲ್ಲಿ, ಮರುಬಳಕೆಯ ರಬ್ಬರಿನಿಂದ ಚೀಲಗಳನ್ನು ಮಾಡಿಸಿ ದೊಡ್ಡ ಬೆಲೆಗೆ ಮಾರುತ್ತಿದ್ದಾರೆ. ಬೈಗುಳವಾಗಿ ಬಳಕೆಯಾಗುತ್ತಿದ್ದ ಹೆಸರನ್ನು ಮುದ್ರೆಯಾಗಿ ಒತ್ತುವ ಈ ಧೈರ್ಯ ಎಲ್ಲರಿಗೂ ಬರಬೇಕೆಂದಿಲ್ಲ. ಮಸ್ಕಿಯ ಒಬ್ಬ ಚರ್ಮಕಾರ ತನ್ನ ಕೆರದ ಮೇಲೆ ಊರಿನ ಹೆಸರನ್ನಷ್ಟೇ ಹಾಕಿದರೂ ಸಾಕು. ಆಯ್ಕೆ ಮಾಡಿದವನದಿರಬೇಕು.

ಅಮೆರಿಕದ ಅನುಭವ ಈ ವಿಚಾರದಲ್ಲಿ ಪಾಠವೂ ಹೌದು, ಎಚ್ಚರಿಕೆಯೂ ಹೌದು. 2020ರ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತ ನಂತರ ಕರಿಯರ ಒಡೆತನದ ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕೆಂಬ ಚಳವಳಿ ಆ ದೇಶದಲ್ಲಿ ಬಲವಾಗಿ ಎದ್ದಿತು. ದೊಡ್ಡ ಮಳಿಗೆಗಳು ತಮ್ಮ ಕಪಾಟುಗಳಲ್ಲಿ ಶೇ. 15ರಷ್ಟು ಜಾಗವನ್ನು ಇಂತಹ ಉದ್ದಿಮೆಗಳಿಗೆ ಮೀಸಲಿಡಬೇಕೆಂದು ಅರೋರಾ ಜೇಮ್ಸ್ ಎಂಬ ಮಹಿಳೆ ಕರೆ ಕೊಟ್ಟರು. ಹಲವು ಹೆಸರಾಂತ ಸಂಸ್ಥೆಗಳು ಒಪ್ಪಿದವು. ಕೈಯಿಂದ ಮಾಡಿದ ಸಾಬೂನು, ಮೇಣದ ಬತ್ತಿ, ಬಟ್ಟೆಗಳಿಗೆ ಬೇಡಿಕೆ ಏರಿತು. ಐದು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. 2025ರ ಜನವರಿಯಲ್ಲಿ ಟಾರ್ಗೆಟ್ ಎಂಬ ಬೃಹತ್ ಮಳಿಗೆ ಸಂಸ್ಥೆ ಇಂತಹ ಗುರಿಗಳನ್ನು ಕೈಬಿಡುವುದಾಗಿ ಪ್ರಕಟಿಸಿತು. ಅನುಕಂಪದ ಅಲೆಯನ್ನು ನಂಬಿ ಸರಕು ತಯಾರಿಸಿದ ಸಣ್ಣ ಉದ್ಯಮಿ ಅಲೆ ಇಳಿದಾಗ ದಾಸ್ತಾನಿನೊಡನೆ ಉಳಿಯುತ್ತಾನೆ. ಬೆಂಬಲವೆಂಬುದು ಖರೀದಿ ಆದೇಶದ ರೂಪದಲ್ಲಿರಬೇಕು, ಮತ್ತು ಆ ಆದೇಶ ಮುಂದಿನ ವರ್ಷವೂ ಬರಬೇಕು.

ಅಮೆರಿಕದವರೆಗೆ ಹೋಗದೆಯೂ ಉದಾಹರಣೆ ಸಿಗುತ್ತದೆ. ಆಫ್ರಿಕಾ ಮೂಲದ ಸಿದ್ದಿ ಜನಾಂಗ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗಗಳಲ್ಲಿ ತಲೆತಲಾಂತರದಿಂದ ನೆಲೆಸಿದೆ. ಅವರ ಮಹಿಳೆಯರು ಹೊಲಿಯುವ ಕೌದಿಗಳು ಹೆನ್ರಿ ಡ್ರೂವಲ್ ಎಂಬ ಅಮೆರಿಕದ ವಿದ್ವಾಂಸರ ಪ್ರಯತ್ನದಿಂದ ಆ ದೇಶದ ಪ್ರದರ್ಶನಾಲಯಗಳನ್ನು ತಲುಪಿದವು. ಅದೇ ಹೊಲಿಗೆ, ಅದೇ ಹಳೆಯ ಬಟ್ಟೆ ಲಿಂಗಸುಗೂರಿನ ಓಣಿಗಳಲ್ಲಿಯೂ ಇವೆ. ಇಲ್ಲಿಗೆ ವಿದ್ವಾಂಸರು ಬಂದಿಲ್ಲ, ವರ್ತಕರು ಊರಿನಲ್ಲಿಯೇ ಇದ್ದಾರೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆಯ ಸಂದರ್ಭದಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ದಾಖಲೆ ಸಂತೋಷದ ವಿಷಯವೇ. ಆದರೆ ವರ್ತಕನಾದವನು ಕೇಳುವ ಪ್ರಶ್ನೆ ಬೇರೆ: ಆ 1,755 ವಸ್ತುಗಳ ಬೆಲೆ ಪಟ್ಟಿ ಯಾರ ಹತ್ತಿರ ಇತ್ತು?

ಬೆಲೆ ಪಟ್ಟಿಯ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಈ ಕಸುಬುಗಳಿಗೆ ಬೆಲೆಯೆಂಬುದೇ ಇರಲಿಲ್ಲ. ಆಯಗಾರಿಕೆಯ ಕಾಲದಲ್ಲಿ ಚರ್ಮಕಾರ ರೈತನಿಗೆ ಮಿಣಿ, ಬಾರುಕೋಲು, ಕೆರ, ಕಪಿಲೆಯಿಂದ ನೀರೆತ್ತುವ ತೊಗಲ ಚೀಲ ಇವೆಲ್ಲವನ್ನೂ ವರ್ಷವಿಡೀ ಮಾಡಿಕೊಡುತ್ತಿದ್ದ. ಸುಗ್ಗಿಯಲ್ಲಿ ಕಣದಿಂದ ಆಯದ ಕಾಳು ಪಡೆಯುತ್ತಿದ್ದ. ಕೊಟ್ಟಷ್ಟು ಸಂಬಳ, ಅಳೆದಷ್ಟು ಕಾಳು. ಒಂದು ಜೊತೆ ಕೆರಕ್ಕೆ ಎಷ್ಟು ಖರ್ಚು ಬಂದಿತು ಎಂದು ಲೆಕ್ಕ ಹಾಕುವ ಅವಕಾಶವೇ ಅವನಿಗೆ ಬರಲಿಲ್ಲ. 1950ರ ದಶಕದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂತು, ಸಿಂಧನೂರಿನ ಎರೆ ಹೊಲ ಭತ್ತದ ಗದ್ದೆಯಾಯಿತು, ಕಾಲಾನಂತರ ಎತ್ತಿನ ಬದಲು ಟ್ರ್ಯಾಕ್ಟರು ಬಂದಿತು. ಮಿಣಿ, ಬಾರುಕೋಲಿನ ಗಿರಾಕಿ ಹೋದ. ಕಾರ್ಖಾನೆಯ ರಬ್ಬರು ಚಪ್ಪಲಿ ಬಂದ ಮೇಲೆ ಕೆರದ ಗಿರಾಕಿಯೂ ಹೋದ. ನೀರಾವರಿಯಿಂದ ಪೇಟೆ ಬೆಳೆಯಿತು. ಆ ಬೆಳವಣಿಗೆಯ ಖರ್ಚಿನ ಒಂದು ಭಾಗವನ್ನು ಇವರು ಭರಿಸಿದ್ದಾರೆ. ಆ ಬಾಕಿ ಯಾವ ಖಾತೆಯಲ್ಲಿಯೂ ನಮೂದಾಗಿಲ್ಲ.

ಈಗ ಲೆಕ್ಕಕ್ಕೆ ಬರುವುದು ಉಚಿತ. ಒಂದು ದೊಡ್ಡ ಕೌದಿಗೆ ಎಂಟು ದಿನದ ಕೆಲಸ ಎಂದು ಇಟ್ಟುಕೊಂಡರೆ, 2025-26ರಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕಕ್ಕೆ ನಿಗದಿಯಾಗಿದ್ದ 370 ರೂಪಾಯಿ ದಿನಗೂಲಿಯ ದರದಲ್ಲಿಯೇ ಕೂಲಿ 2,960 ರೂಪಾಯಿ ಆಗುತ್ತದೆ. ದಾರ, ಕೆಳಪದರದ ಬಟ್ಟೆ, ತೊಳೆಯುವ ವೆಚ್ಚ 350, ಪ್ಯಾಕಿಂಗ್ 40, ಕೊರಿಯರ್ 200 ಎಂದು ಹಿಡಿದರೆ ಒಟ್ಟು 3,550. ಹತ್ತರಲ್ಲಿ ಒಂದು ಹಿಂದಿರುಗಿ ಬಂದರೆ ಅದರ ಎರಡೂ ಕಡೆಯ ಸಾಗಣೆ ಉಳಿದ ಒಂಬತ್ತರ ಮೇಲೆ ಬೀಳುತ್ತದೆ. ಅದು ಸುಮಾರು 50 ರೂಪಾಯಿ. ಸರಕು ಮಾಡಿ ಹಣ ಕೈಗೆ ಬರುವವರೆಗೆ ಎರಡು ತಿಂಗಳಾದರೆ, ನೂರಕ್ಕೆ ಮೂರರ ಕೈಸಾಲದ ಬಡ್ಡಿ ಸುಮಾರು 200. ಅಲ್ಲಿಗೆ 3,800. ಮಾರಾಟ ವೇದಿಕೆಯ ಕಮಿಷನ್ ಶೇ. 15 ಆದರೆ ಮಾರಾಟ ಬೆಲೆ 4,470 ರೂಪಾಯಿಗೆ ಕಡಿಮೆ ಇರಕೂಡದು. ಇದರಲ್ಲಿ ಲಾಭವಿನ್ನೂ ಸೇರಿಲ್ಲ. ಆದರೆ ಹೊಲಿಯುವವರು ಸಾಮಾನ್ಯವಾಗಿ ಹೇಳುವ ಬೆಲೆ ಇದರ ಕಾಲು ಭಾಗವನ್ನೂ ಮುಟ್ಟುವುದಿಲ್ಲ. ಏಕೆಂದರೆ ಕೌದಿಯನ್ನು ಮಾರುವ ರೂಢಿಯೇ ಇಲ್ಲಿ ಕಡಿಮೆ. ಮನೆಯವರು ಹಳೆಯ ಸೀರೆ ಕೊಟ್ಟು, ಕೈಗೆ ಬಂದ ಕೂಲಿ ಕೊಟ್ಟು ಹೊಲಿಸಿಕೊಳ್ಳುವುದು ಪದ್ಧತಿ. ಸಿಂಧನೂರಿನಲ್ಲಿ ಈ ಬೆಲೆಗೆ ಕೊಳ್ಳುವವರಿಲ್ಲ ಎಂಬ ಮಾತು ನಿಜ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಇದ್ದಾರೆ. ಆನ್‌ಲೈನ್ ಬೇಕಾಗಿರುವುದು ಅದಕ್ಕಾಗಿ.

ಇಲ್ಲಿ ಕಾನೂನಿನ ತೊಡಕು ಎದುರಾಗುತ್ತದೆ. ಜಿಎಸ್‌ಟಿ ಕಾಯ್ದೆಯ 24ನೆಯ ಕಲಮಿನಂತೆ ಆನ್‌ಲೈನ್ ವೇದಿಕೆಯ ಮೂಲಕ ಸರಕು ಮಾರುವವರು ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಣಿ ಪಡೆಯಬೇಕಾಗಿತ್ತು. 1 ಅಕ್ಟೋಬರ್ 2023ರಿಂದ ಇದರಲ್ಲಿ ಸಡಿಲಿಕೆ ಬಂದಿದೆ: 20 ಲಕ್ಷ ರೂಪಾಯಿಯೊಳಗಿನ ವಹಿವಾಟಿನ ಮಾರಾಟಗಾರರು ಪ್ಯಾನ್ ಆಧಾರದ ಮೇಲೆ ದಾಖಲಾತಿ ಸಂಖ್ಯೆಯೊಂದನ್ನು ಪಡೆದು, ನೋಂದಣಿ ಇಲ್ಲದೆಯೇ ವೇದಿಕೆಯ ಮೂಲಕ ಮಾರಬಹುದು. ಷರತ್ತು ಒಂದೇ ಮುಖ್ಯವಾದದ್ದು: ಸರಕು ರಾಜ್ಯದ ಗಡಿ ದಾಟಬಾರದು. ರಾಯಚೂರು ಜಿಲ್ಲೆಗೆ ಈ ಷರತ್ತು ಎಷ್ಟು ಅನನುಕೂಲವೆಂದು ವಿವರಿಸಬೇಕಾಗಿಲ್ಲ. ಇಲ್ಲಿಯ ವ್ಯಾಪಾರ ನಿಜಾಮರ ಕಾಲದಿಂದಲೂ ಹೈದರಾಬಾದಿನ ಕಡೆ ಮುಖ ಮಾಡಿದೆ. ತೆಲಂಗಾಣ, ಆಂಧ್ರದ ಗಡಿ ಜಿಲ್ಲೆಯನ್ನೇ ತಾಗಿಕೊಂಡಿದೆ.

ಆದರೆ ಇದೇ ಕಾನೂನಿನಲ್ಲಿ ಇನ್ನೊಂದು ಬಾಗಿಲಿದೆ, ಅದನ್ನು ಬಳಸಿಕೊಂಡವರು ಕಡಿಮೆ. 2017ರ ಸೆಪ್ಟೆಂಬರಿನಲ್ಲಿ ಹೊರಡಿಸಿ 2018ರ ಅಕ್ಟೋಬರಿನಲ್ಲಿ ಮರುರೂಪಿಸಿದ ಅಧಿಸೂಚನೆಯಂತೆ, 20 ಲಕ್ಷದೊಳಗಿನ ವಹಿವಾಟಿನ ಕರಕುಶಲಿಗರು ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳನ್ನು ನೋಂದಣಿ ಇಲ್ಲದೆ ಹೊರರಾಜ್ಯಕ್ಕೂ ಮಾರಬಹುದು. ತೊಗಲಿನ ಚೀಲ, ತೊಗಲಿನ ಪಾದರಕ್ಷೆ, ಕೈಕಸೂತಿಯ ಬಟ್ಟೆ, ಬಿದಿರು, ಹುಲ್ಲು, ನಾರಿನ ವಸ್ತುಗಳು ಈ ಪಟ್ಟಿಯಲ್ಲಿವೆ. ಪ್ಯಾನ್ ಬೇಕು, ಗಡಿ ದಾಟುವ ಸರಕಿಗೆ ಮೌಲ್ಯ ಎಷ್ಟೇ ಇರಲಿ ಇ-ವೇ ಬಿಲ್ ಬೇಕು. ಹೀಗಾಗಿ ಒಂದು ವಿಚಿತ್ರ ಸನ್ನಿವೇಶ ಉಂಟಾಗಿದೆ. ಲಿಂಗಸುಗೂರಿನ ತಾಂಡಾದ ಮಹಿಳೆ ಹೈದರಾಬಾದಿನ ಗಿರಾಕಿಗೆ ಫೋನಿನಲ್ಲಿ ಚಿತ್ರ ಕಳುಹಿಸಿ, ಯುಪಿಐ ಮೂಲಕ ಹಣ ಪಡೆದು, ಕಸೂತಿಯ ಚೀಲ ಕಳುಹಿಸಿದರೆ ನೋಂದಣಿ ಬೇಡ. ಅದೇ ಚೀಲವನ್ನು ಅದೇ ಗಿರಾಕಿ ದೊಡ್ಡ ವೇದಿಕೆಯ ಮೂಲಕ ಕೊಂಡರೆ ನೋಂದಣಿ ಬೇಕು, ತಿಂಗಳ ಇಲ್ಲವೇ ತ್ರೈಮಾಸಿಕ ವಿವರಪಟ್ಟಿ ಬೇಕು. ಸರಕಾರಕ್ಕೂ ಈ ತೊಡಕು ಗೊತ್ತಿಲ್ಲದಿಲ್ಲ. 3 ಸೆಪ್ಟೆಂಬರ್ 2025ರಂದು ಸೇರಿದ ಜಿಎಸ್‌ಟಿ ಮಂಡಳಿ, ಹಲವು ರಾಜ್ಯಗಳಿಗೆ ವೇದಿಕೆಗಳ ಮೂಲಕ ಮಾರುವ ಸಣ್ಣ ಮಾರಾಟಗಾರರಿಗೆ ಸರಳ ನೋಂದಣಿ ವ್ಯವಸ್ಥೆ ತರುವುದನ್ನು ತಾತ್ವಿಕವಾಗಿ ಒಪ್ಪಿತು. ಅದರ ವಿವರಗಳ ಬಗ್ಗೆ ಒತ್ತಡ ತರುವುದು ವಾಣಿಜ್ಯ ಸಂಸ್ಥೆಗಳ ಕೆಲಸ. ಅಕ್ಕಿ ಗಿರಣಿಯವರ ಪರವಾಗಿ ಮನವಿ ಬರೆಯುವ ಕೈ ಕೌದಿಯ ಪರವಾಗಿಯೂ ಒಂದು ಪುಟ ಬರೆಯಬಹುದು.

ಕೌದಿಯ ವಿಚಾರದಲ್ಲಿ ಬರೆಯಲು ಕಾರಣವೂ ಇದೆ. 22 ಸೆಪ್ಟೆಂಬರ್ 2025ರಿಂದ ಜಾರಿಯಾದ ಹೊಸ ದರಗಳಲ್ಲಿ 2,500 ರೂಪಾಯಿವರೆಗಿನ ಹತ್ತಿಯ ರಜಾಯಿಗೆ ಶೇ. 5, ಅದಕ್ಕಿಂತ ಮೇಲಿನದಕ್ಕೆ ಶೇ. 18 ತೆರಿಗೆ. ಪಾದರಕ್ಷೆಗೂ ಜೋಡಿಗೆ 2,500ರ ಗಡಿಯೇ. ಯಂತ್ರದಲ್ಲಿ ಹೊಲಿದ ರಜಾಯಿ 1,500ಕ್ಕೆ ಸಿಗುತ್ತದೆ, ಶೇ. 5ರಲ್ಲಿ ಹೋಗುತ್ತದೆ. ಎಂಟು ದಿನದ ಕೂಲಿಯನ್ನು ಪ್ರಾಮಾಣಿಕವಾಗಿ ಸೇರಿಸಿದ ಕೌದಿ 4,470ಕ್ಕೆ ಏರಿ ಐಷಾರಾಮದ ಸಾಲಿಗೆ ಸೇರುತ್ತದೆ. ನೋಂದಣಿ ಪಡೆದು ಮಾರಿದರೆ ಗಿರಾಕಿ ಕೊಡಬೇಕಾದದ್ದು 5,275ರ ಸಮೀಪ. ಬೆಲೆಯನ್ನು ನೋಡಿ ತೆರಿಗೆ ಹಾಕುವ ಪದ್ಧತಿಯಲ್ಲಿ ಕೂಲಿ ಹೆಚ್ಚು ಕೊಟ್ಟವನಿಗೆ ದಂಡ ಬೀಳುತ್ತದೆ. ರಾಜ್ಯದೊಳಗೆ, ಮಿತಿಯೊಳಗೆ, ನೋಂದಣಿ ಇಲ್ಲದೆ ಮಾರುವುದು ಸದ್ಯಕ್ಕೆ ಕೌದಿಗೆ ಸರಿಯಾದ ದಾರಿ. ಬೆಂಗಳೂರು ಒಂದೇ ನಗರ ಇಲ್ಲಿಯ ಕೌದಿಯನ್ನೆಲ್ಲ ಕೊಳ್ಳಬಲ್ಲದು.

ಇಷ್ಟು ಹೇಳಿದ ಮೇಲೂ ಮಾಡುವವರು ಹೆದರುತ್ತಾರೆ, ಅದು ಸಹಜ. 2025ರ ಜುಲೈನಲ್ಲಿ ಯುಪಿಐ ಜಮೆಗಳನ್ನು ನೋಡಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ನೋಟೀಸು ಬಂದಾಗ ಹಾಲು, ತರಕಾರಿ ಮಾರುವವರೂ ಕ್ಯೂಆರ್ ಹಲಗೆ ತೆಗೆದು ಒಳಗಿಟ್ಟರು. ಅಂದು ಬಚಾವಾದವರು ಪುಸ್ತಕ ಬರೆದಿಟ್ಟವರು. ದಿನಕ್ಕೆ ನಾಲ್ಕು ಸಾಲು, ತಾರೀಖು, ಗಿರಾಕಿ, ಸರಕು, ಮೊತ್ತ; ನೋಟು ಪುಸ್ತಕ ಸಾಕು, ಕಂಪ್ಯೂಟರೇ ಬೇಕೆಂದಿಲ್ಲ. ಮನೆಯ ಜಮೆಯನ್ನೂ ವ್ಯಾಪಾರದ ಜಮೆಯನ್ನೂ ಬೇರೆ ಬೇರೆ ಬ್ಯಾಂಕು ಖಾತೆಗಳಲ್ಲಿ ಇಡುವುದು ಇನ್ನೂ ಮುಖ್ಯ. ಪ್ರತಿ ಅಂಗಡಿಯ ಗುಮಾಸ್ತನಿಗೂ ಬರುವ ಈ ವಿದ್ಯೆಯನ್ನು ತಾಂಡಾದ ಹತ್ತು ಹೆಣ್ಣುಮಕ್ಕಳಿಗೆ ಕಲಿಸಲು ನಾಲ್ಕು ಭಾನುವಾರ ಸಾಕಾದೀತು.

ಸಾಲದ ಮಾತು ಚಿಕ್ಕದು. 17 ಸೆಪ್ಟೆಂಬರ್ 2023ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಪಾದರಕ್ಷೆ ಮಾಡುವವರು, ಬುಟ್ಟಿ-ಚಾಪೆ-ಕಸಬರಿಗೆ ಮಾಡುವವರು, ಹೊಲಿಗೆಯವರು ಅದರಲ್ಲಿ ಸೇರಿದ್ದಾರೆ. ಸಲಕರಣೆಗೆ 15,000 ರೂಪಾಯಿ, ಮೊದಲ ಕಂತಿನಲ್ಲಿ 1 ಲಕ್ಷ ರೂಪಾಯಿವರೆಗೆ ಜಾಮೀನಿಲ್ಲದ ಸಾಲ, ಬಡ್ಡಿ ಶೇ. 5. ಮೇಲಿನ ಲೆಕ್ಕದಲ್ಲಿ 200 ರೂಪಾಯಿ ಆದ ಬಡ್ಡಿ ಈ ದರದಲ್ಲಿ 30 ರೂಪಾಯಿಯನ್ನೂ ಮುಟ್ಟುವುದಿಲ್ಲ. ಅರ್ಜಿ ತುಂಬಿದವರಿಗೆ ಬ್ಯಾಂಕಿನ ಮೆಟ್ಟಿಲ ಮೇಲೆ ಬೇಕಾದದ್ದು ಜೊತೆಗೆ ಬರುವ ಒಬ್ಬ ಪರಿಚಿತ ವರ್ತಕ.

ವರ್ತಕರ ಪಾಲಿಗೆ ಸಂಬಂಧಿಸಿದ ಕಾನೂನು ಇನ್ನೊಂದಿದೆ. ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ, ಸಣ್ಣ ತಯಾರಕರಿಂದ ಸರಕು ಕೊಂಡವರು ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. 1 ಏಪ್ರಿಲ್ 2024ರಿಂದ ಈ ಗಡುವು ಮೀರಿ, ವರ್ಷಾಂತ್ಯಕ್ಕೂ ಬಾಕಿ ಉಳಿಸಿಕೊಂಡ ಮೊತ್ತ ಆ ವರ್ಷದ ಖರ್ಚಾಗಿ ಆದಾಯ ತೆರಿಗೆಯಲ್ಲಿ ಸಿಗುವುದಿಲ್ಲ. ದೊಡ್ಡ ಕಾರ್ಖಾನೆಯ ಬಿಲ್ಲನ್ನು ತಡೆಯಲು ಹೆದರುವ ಪೇಟೆ, ಬುಟ್ಟಿಯವನ ಬಿಲ್ಲನ್ನು ದೀಪಾವಳಿಯಿಂದ ಯುಗಾದಿಗೆ ತಳ್ಳಲು ಹಿಂಜರಿಯುತ್ತಿರಲಿಲ್ಲ. ಬುಟ್ಟಿಯವನೂ ಉದ್ಯಮ್ ಸಂಖ್ಯೆ ಪಡೆದರೆ ಅವನ ಬಿಲ್ಲಿಗೂ ಅದೇ ತೂಕ. ನೋಂದಣಿ ಉಚಿತ.

ಆಕ್ಷೇಪಗಳನ್ನು ಬದಿಗೊತ್ತುವುದು ನ್ಯಾಯವಲ್ಲ. ಸರಕಿನ ಗುಣಮಟ್ಟ ಒಂದೇ ತೆರನಾಗಿರುವುದಿಲ್ಲ, ಹೇಳಿದ ದಿನಕ್ಕೆ ಬರುವುದಿಲ್ಲ ಎಂಬುದು ಒಂದು. ಇದು ನಿಜ. ಒಂದು ಕೆರದ ಅಳತೆ ಇನ್ನೊಂದಕ್ಕೆ ಹೊಂದದಿದ್ದರೆ ಆನ್‌ಲೈನ್ ಗಿರಾಕಿ ಹಿಂದಿರುಗಿಸುತ್ತಾನೆ, ಎರಡು ಬಾರಿ ಹಿಂದಿರುಗಿಸಿದರೆ ಲಾಭ ಹೋಗುತ್ತದೆ. ಅಳತೆಯ ಅಚ್ಚು, ಒಂದೇ ದಪ್ಪದ ತೊಗಲು, ಬಣ್ಣ ಬಿಡದ ದಾರ: ಇವು ತರಬೇತಿಯಿಂದ ಬರುತ್ತವೆ. 1976ರಲ್ಲಿ ಸ್ಥಾಪಿತವಾದ ಲಿಡ್ಕರ್ ನಿಗಮ ಇರುವುದು ಇದಕ್ಕೇ. ‘ಪರಿಸರಸ್ನೇಹಿ’ ಎಂಬ ಮಾತನ್ನೂ ಹಗುರವಾಗಿ ಬಳಸಕೂಡದು. ತಂಗಡಿ ತೊಗಟೆ, ಅಳಲೆಕಾಯಿಗಳಲ್ಲಿ ಹದಮಾಡಿದ ತೊಗಲು ಬೇರೆ, ಕ್ರೋಮಿಯಂ ಲವಣದಲ್ಲಿ ಹದಮಾಡಿ ಬಂದ ತೊಗಲು ಬೇರೆ. ಎರಡನೆಯದರಿಂದ ಮಾಡಿ ಮೊದಲನೆಯದೆಂದು ಬರೆದರೆ ಅದು ಮೋಸ; ಒಬ್ಬರು ಸಿಕ್ಕಿಬಿದ್ದರೆ ಊರಿನ ಹೆಸರೇ ಹೋಗುತ್ತದೆ.

ಜಾತಿಯನ್ನು ವ್ಯಾಪಾರದೊಳಗೆ ಏಕೆ ತರಬೇಕು ಎಂಬುದು ಎರಡನೆಯ ಆಕ್ಷೇಪ. ಅದು ಮೊದಲೇ ಒಳಗಿತ್ತು. ತೊಗಲು, ಬಿದಿರು, ಕಸಬರಿಗೆ ಯಾರ ಕೆಲಸವೆಂದು ನಿರ್ಧರಿಸಿದ್ದು ಮಾರುಕಟ್ಟೆಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯ, ಮಾದಾರ ಚೆನ್ನಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಇವರ ಕಾಯಕವನ್ನು ಶರಣರು ಮೇಲೆಂದು ಎತ್ತಿ ಹಿಡಿದರು. ಅವರ ಹೆಸರಿನಲ್ಲಿ ಜಯಂತಿಗಳು ನಡೆಯುತ್ತಿವೆ. ಅದಕ್ಕೂ ಬಹು ಹಿಂದೆ, ಇದೇ ಮಸ್ಕಿಯ ಬಂಡೆಯ ಮೇಲೆ ಅಶೋಕನು ಸಣ್ಣವನೂ ಧರ್ಮದಲ್ಲಿ ನಡೆದರೆ ಮೇಲಿನ ಗತಿ ಪಡೆಯಬಲ್ಲ, ದೊಡ್ಡವರಿಗೆ ಮಾತ್ರ ಅದು ಸಾಧ್ಯವೆಂದು ಎಣಿಸಬಾರದು ಎಂಬ ಅರ್ಥದ ಮಾತು ಕೆತ್ತಿಸಿದ್ದಾನೆ. 1915ರಲ್ಲಿ ಅದನ್ನು ಕಂಡವನು ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್. ಬಂಡೆಯನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಅವರು ಕೊಂಡೊಯ್ಯಲು ಮಸ್ಕಿಯಲ್ಲಿ ಮಾಡಿದ ಒಂದು ವಸ್ತುವೂ ಅಲ್ಲಿ ಮಾರಾಟಕ್ಕಿಲ್ಲದಿದ್ದರೆ ಅದು ವರ್ತಕರ ಕೊರತೆ.

ಮೂರನೆಯ ಆಕ್ಷೇಪ ಆ ಸಮುದಾಯಗಳೊಳಗಿನಿಂದಲೇ ಬರುತ್ತದೆ, ಅದು ಎಲ್ಲಕ್ಕಿಂತ ಗಟ್ಟಿಯಾದದ್ದು. ಓದಿದ ಮಕ್ಕಳನ್ನು ಮತ್ತೆ ಉಳಿ, ರಂಪಿಗೆ ಹಿಡಿಯಲು ಕೂರಿಸುವುದು ಯಾವ ಉದ್ಧಾರ? ಕಸುಬು ಉಳಿಯಬೇಕೆಂಬ ಆಸೆ ಕಸುಬು ಮಾಡದವರಿಗೇ ಹೆಚ್ಚು. ಆದುದರಿಂದ ಬೆಂಬಲ ಕಸುಬಿಗಲ್ಲ, ಒಡೆತನಕ್ಕೆ ಸಲ್ಲಬೇಕು. ಚರ್ಮಕಾರನ ಮಗ ಬಟ್ಟೆಯ ಚೀಲದ ಘಟಕ ಹಾಕಲಿ, ಮುತ್ತುಗದ ಎಲೆಯ ಪತ್ರಾವಳಿ ಯಂತ್ರ ಹಾಕಲಿ, ತಾಯಿಯ ಕಸೂತಿಯನ್ನು ತಾನು ಹೊಲಿಯದೆ ಆನ್‌ಲೈನ್‌ನಲ್ಲಿ ಮಾರಿಕೊಡುವ ವ್ಯಾಪಾರಿಯಾಗಲಿ. ಪೇಟೆಗೆ ಬಂದು ಹೊಸ ವರ್ತಕನಾದರೆ ಹಳೆಯ ವರ್ತಕರು ಜಾಗ ಕೊಡಬೇಕಾಗುತ್ತದೆ. ನಿಜವಾದ ಪರೀಕ್ಷೆ ಅಲ್ಲಿದೆ.

ಇಂತಹ ವಿಚಾರದಲ್ಲಿ ವಾಣಿಜ್ಯ ಸಂಸ್ಥೆ ಏನು ಮಾಡಬಲ್ಲದು ಎಂಬುದಕ್ಕೆ ಇತ್ತೀಚಿನ ನಿದರ್ಶನವಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನ್‌ನಲ್ಲಿ ಕೊಲ್ಹಾಪುರಿ ಮಾದರಿಯ ಚಪ್ಪಲಿಯನ್ನು ಮೂಲದ ಹೆಸರು ಹೇಳದೆ ಪ್ರದರ್ಶಿಸಿದಾಗ, ಪತ್ರ ಬರೆದು ಪ್ರಶ್ನಿಸಿದವರಲ್ಲಿ ಮುಂಚೂಣಿಯಲ್ಲಿದ್ದುದು ಮಹಾರಾಷ್ಟ್ರದ ವಾಣಿಜ್ಯೋದ್ಯಮ ಸಂಸ್ಥೆ. ಪ್ರಾಡಾ ಮೂಲವನ್ನು ಒಪ್ಪಿಕೊಂಡಿತು. ಅದೇ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಚರ್ಮ ನಿಗಮ ಹಾಗೂ ಕರ್ನಾಟಕದ ಲಿಡ್ಕರ್ ಜೊತೆ ಒಪ್ಪಂದವಾಗಿ, ಎರಡೂ ರಾಜ್ಯಗಳಲ್ಲಿ 2,000 ಜೋಡಿ ಮಾಡಿಸುವುದಾಗಿ, ಜೋಡಿಯ ಬೆಲೆ ಸುಮಾರು 800 ಯೂರೋ ಇರುವುದಾಗಿ ಪ್ರಕಟವಾಯಿತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯಲ್ಲಿ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿವೆ, ರಾಯಚೂರು ಇಲ್ಲ. ಲಿಂಗಸುಗೂರು ತಾಲ್ಲೂಕಿನ ಗಡಿಯಾಚೆಯ ಬಾಗಲಕೋಟೆ ಜಿಲ್ಲೆಯ ಚರ್ಮಕಾರನಿಗೆ ಇರುವ ಹಕ್ಕು ಈಚೆಯವನಿಗಿಲ್ಲ. ಈಚೆಯ ಕೆರಕ್ಕೆ ಅದರದೇ ಹೆಸರು, ಅದರದೇ ಅಳತೆ, ಅದರದೇ ಮುದ್ರೆ ಬೇಕಾಗುತ್ತದೆ. ಮುದ್ರೆಯ ಒಡೆತನ ಮಾಡುವವರ ಸಂಘದಲ್ಲಿರಬೇಕೇ ಹೊರತು, ಮಾರಿಕೊಡುವ ಅಂಗಡಿಯಲ್ಲಿ ಅಲ್ಲ. ವ್ಯಾಪಾರ ಚಿಹ್ನೆಯನ್ನು ಅಂಗಡಿಯವರು ತಮ್ಮ ಹೆಸರಿನಲ್ಲಿ ಬರೆಸಿಕೊಂಡು, ಮಾಡುವವರನ್ನು ಮತ್ತೆ ಕೂಲಿಗೆ ಇಳಿಸುವ ಅಪಾಯ ಈ ಇಡೀ ಪ್ರಯತ್ನದಲ್ಲಿ ಎಲ್ಲಕ್ಕಿಂತ ದೊಡ್ಡದು.

ಆರಂಭಕ್ಕೆ ಬೇಕಾದದ್ದು ಹೆಚ್ಚಿಲ್ಲ. ಮೂರು ಪಟ್ಟಣಗಳಲ್ಲಿ ಒಂದೊಂದು ಕೊಠಡಿ. ಅಲ್ಲಿ ತಕ್ಕಡಿ, ಪ್ಯಾಕಿಂಗ್ ಸಾಮಾನು, ಚಿತ್ರ ತೆಗೆಯಲು ಬೆಳಕು, ಲೆಕ್ಕ ಬರೆಯಲು ಅರ್ಧ ದಿನ ಒಬ್ಬ ಗುಮಾಸ್ತ. ಕೊರಿಯರ್ ದರವನ್ನು ಸದಸ್ಯರೆಲ್ಲರ ಪರವಾಗಿ ಒಟ್ಟಿಗೆ ಮಾತಾಡಿದರೆ ಒಬ್ಬೊಬ್ಬರೇ ಕೊಡುವುದಕ್ಕಿಂತ ಅಗ್ಗವಾಗುತ್ತದೆ. 2024ರಲ್ಲಿ ಸಿಂಧನೂರಿಗೆ ರೈಲು ಬಂದಿರುವುದರಿಂದ ಬುಟ್ಟಿ, ಚಾಪೆಯಂತಹ ಜಾಗ ಹಿಡಿಯುವ ಸರಕಿಗೆ ಆ ದಾರಿಯನ್ನೂ ವಿಚಾರಿಸಬೇಕು. ಸದಸ್ಯತ್ವ ಶುಲ್ಕದಲ್ಲಿ ಇಂತಹ ಉದ್ದಿಮೆಗಳಿಗೆ ಮೊದಲ ಮೂರು ವರ್ಷ ರಿಯಾಯಿತಿ ನೀಡಿ, ಕಾರ್ಯಕಾರಿ ಸಮಿತಿಯಲ್ಲಿ ಅವರಿಗೆ ಒಂದು ಕುರ್ಚಿ ಇಡುವುದು ಖರ್ಚಿನ ಬಾಬತ್ತೇ ಅಲ್ಲ.

ಮೊದಲ ಗಿರಾಕಿಗಳು ಆನ್‌ಲೈನ್‌ನಲ್ಲಿ ಇರಬೇಕೆಂದಿಲ್ಲ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ನಿಷೇಧ 1 ಜುಲೈ 2022ರಿಂದ ದೇಶಾದ್ಯಂತ ಜಾರಿಯಲ್ಲಿದ್ದರೂ ಪೇಟೆಯಲ್ಲಿ ತೆಳು ಪ್ಲಾಸ್ಟಿಕ್ ಚೀಲ ಕಾಣದ ದಿನವಿಲ್ಲ. ಪ್ರತಿ ಅಂಗಡಿ ದೀಪಾವಳಿ ಲಕ್ಷ್ಮೀಪೂಜೆಯ ದಿನ ಗಿರಾಕಿಗಳಿಗೆ ಕೊಡುವ ಉಡುಗೊರೆ, ಸಿಹಿಯ ಪೆಟ್ಟಿಗೆಗೆ ಬದಲು ಬಿದಿರಿನ ಪುಟ್ಟ ಬುಟ್ಟಿ, ಬಟ್ಟೆಯ ಕೈಚೀಲ, ಮದುವೆಯ ಊಟಕ್ಕೆ ಪತ್ರಾವಳಿ: ಇಷ್ಟನ್ನು ಈ ಮೂರು ಪಟ್ಟಣಗಳ ವರ್ತಕರು ಒಂದು ವರ್ಷ ಇಲ್ಲಿಯೇ ಕೊಂಡರೆ, ಅಳತೆ ತಪ್ಪುವ ಹಂತ, ಗಡುವು ತಪ್ಪುವ ಹಂತ ಎರಡೂ ಮನೆಯೊಳಗೇ ಮುಗಿದು, ಹೊರಗಿನ ಗಿರಾಕಿಗೆ ಹೋಗುವಷ್ಟರಲ್ಲಿ ಕೈ ಪಳಗಿರುತ್ತದೆ. ದೀಪಾವಳಿಯ ಬೇಡಿಕೆಯನ್ನು ಮಾತ್ರ ಶ್ರಾವಣದಲ್ಲಿಯೇ ಮುಂಗಡದೊಂದಿಗೆ ಬರೆದುಕೊಡಬೇಕಾಗುತ್ತದೆ. ಬಿದಿರನ್ನು ಮೊದಲೇ ತರಿಸಿಡಬೇಕು, ಮಳೆಗಾಲದಲ್ಲಿ ತೊಗಲು ಬೇಗ ಒಣಗುವುದಿಲ್ಲ.